ಹಿಮದ ಹಾದಿಗೆ ಹೊರಡುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ದಸರಾ ಮುಗಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹಿಮಾಲಯದ ಹೆಸರುಗಳು ಹೆಚ್ಚುತ್ತವೆ. ವರ್ಷದ ಕೊನೆಯ ರಜೆಗೆ ಕೇದಾರಕಾಂತ, ಬ್ರಹ್ಮತಾಲ್, ಕುವಾರಿ ಪಾಸ್ ಎಂದು ಟಿಕೆಟ್ ತೆಗೆಸಿಟ್ಟವರು ಬರೆಯುತ್ತಾರೆ. ಅವರನ್ನು ಕಳಿಸಿಕೊಡಬೇಕಾದ ಮನೆಯವರೂ ಬರೆಯುತ್ತಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಚಳಿಗಾಲದ ಚಾರಣಕ್ಕೆ ಸಂಬಂಧಿಸಿದವುಗಳಿಗೆ ಮಾತ್ರ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಔಷಧದ ವಿಷಯ ಬಂದಲ್ಲೆಲ್ಲ ನಿಮ್ಮನ್ನು ಬಲ್ಲ ವೈದ್ಯರ ಮಾತೇ ಅಂತಿಮ ಎಂದು ತಿಳಿಯಬೇಕು.

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ನಾವು ಐವರು ಸಹೋದ್ಯೋಗಿಗಳು ಕೇದಾರಕಾಂತಕ್ಕೆ ಹೋಗುತ್ತಿದ್ದೇವೆ. ಸಾವನದುರ್ಗ, ಸ್ಕಂದಗಿರಿ, ಕುಮಾರಪರ್ವತ ಹತ್ತಿದ ಅನುಭವವಿದೆ, ಆದರೆ ನಮ್ಮಲ್ಲಿ ಯಾರೂ ಹಿಮವನ್ನು ಕಣ್ಣಾರೆ ಕಂಡಿಲ್ಲ. ಎರಡು ತಿಂಗಳ ಸಮಯವಿದೆ. ತಯಾರಿ ಹೇಗಿರಬೇಕು?
– ಆರ್. ಎಸ್., ಬೆಂಗಳೂರು

ಉತ್ತರ: ಕುಮಾರಪರ್ವತವನ್ನು ಹತ್ತಿಳಿದ ಕಾಲುಗಳಿಗೆ ಕೇದಾರಕಾಂತದ ಏರು ಭಯ ಹುಟ್ಟಿಸುವಂಥದ್ದಲ್ಲ. ನಿಮಗೆ ಹೊಸದಾಗಿರುವುದು ಎತ್ತರ ಮತ್ತು ಚಳಿ. ನಿಮ್ಮ ಚಾರಣ ಶುರುವಾಗುವ, ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಾಂಕ್ರಿ ಗ್ರಾಮ ಸುಮಾರು 1,950 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತ್ಯಂತ ಎತ್ತರದ ಜಾಗವಾದ ಮುಳ್ಳಯ್ಯನಗಿರಿಯ ನೆತ್ತಿಯೂ ಹೆಚ್ಚುಕಡಿಮೆ ಅಷ್ಟೇ. ಎಂದರೆ ನಮ್ಮ ರಾಜ್ಯದ ಬೆಟ್ಟಗಳೆಲ್ಲ ಮುಗಿಯುವ ಮಟ್ಟದಲ್ಲಿ ನಿಮ್ಮ ಚಾರಣ ಆರಂಭವಾಗಿ, ಸುಮಾರು 3,800 ಮೀಟರ್ ಎತ್ತರದ ಶಿಖರದಲ್ಲಿ ಮುಗಿಯುತ್ತದೆ. ಪ್ರತಿ 1,000 ಮೀಟರ್ ಏರಿದಂತೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಡಿಸೆಂಬರ್ ಕೊನೆಯಲ್ಲಿ ಮೇಲಿನ ಬಿಡಾರಗಳಲ್ಲಿ ರಾತ್ರಿ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಹೋಗುವುದು ಅಪರೂಪವಲ್ಲ.

ದೇಹದ ತಯಾರಿ ಕಷ್ಟದ್ದಲ್ಲ, ಆದರೆ ತಪ್ಪಿಸುವಂತಿಲ್ಲ. ವಾರಕ್ಕೆ ನಾಲ್ಕು ದಿನ ಓಟ ಅಥವಾ ಬಿರುಸಿನ ನಡಿಗೆ ಇರಲಿ. ಹೊರಡುವ ಹೊತ್ತಿಗೆ 5 ಕಿಲೋಮೀಟರ್ ದೂರವನ್ನು 35ರಿಂದ 40 ನಿಮಿಷದಲ್ಲಿ ಏದುಸಿರಿಲ್ಲದೆ ಮುಗಿಸುವಂತಾದರೆ ಸಾಕು. ಅದರ ಜೊತೆಗೆ ವಾರಕ್ಕೆರಡು ದಿನ, 7–8 ಕಿಲೋ ತೂಕದ ಚೀಲ ಹೊತ್ತು ನಿಮ್ಮ ಕಚೇರಿಯ ಅಥವಾ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿಯಿರಿ. ಹತ್ತುವುದನ್ನಷ್ಟೇ ಅಭ್ಯಾಸ ಮಾಡುವವರು ಬಹಳ. ಮಂಡಿ ಸೋಲುವುದು ಇಳಿಯುವಾಗ. ಕೊನೆಯ ಒಂದೆರಡು ವಾರಾಂತ್ಯಗಳಲ್ಲಿ ಹಿಮಾಲಯಕ್ಕೆ ಒಯ್ಯಲಿರುವ ಅದೇ ಬೂಟು, ಅದೇ ಕಾಲುಚೀಲ, ಅದೇ ಚೀಲದೊಂದಿಗೆ ಒಂದು ಪೂರ್ತಿ ದಿನ ನಡೆಯಿರಿ. ಹೊಸ ಬೂಟನ್ನು ಮೊದಲ ಬಾರಿಗೆ ಸಾಂಕ್ರಿಯಲ್ಲಿ ಕಾಲಿಗೇರಿಸುವುದು ಬೊಕ್ಕೆಗೆ ಕೊಟ್ಟ ಆಹ್ವಾನ.

ಆದರೆ ಬೆಂಗಳೂರಿನಿಂದ ಹೊರಡುವವರಿಗೆ ನಾನು ಒತ್ತಿ ಹೇಳಬೇಕಾದದ್ದು ರಜೆಯ ಲೆಕ್ಕದ ಬಗ್ಗೆ. ಸಾಮಾನ್ಯವಾಗಿ ಶುಕ್ರವಾರ ಸಂಜೆಯ ವಿಮಾನ, ಶನಿವಾರ ಡೆಹರಾಡೂನಿನಿಂದ ಸುಮಾರು 200 ಕಿಲೋಮೀಟರ್ ದೂರದ ಗುಡ್ಡದ ರಸ್ತೆ, ಭಾನುವಾರ ಬೆಳಿಗ್ಗೆಯೇ ಚಾರಣ, ಮುಂದಿನ ಸೋಮವಾರ ಕಚೇರಿ ಎಂದು ದಿನಗಳನ್ನು ಬಿಗಿಯಾಗಿ ಹೊಲಿದಿರುತ್ತಾರೆ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಹವಾಮಾನದ ಅಲೆ, ಹವಾಮಾನ ಇಲಾಖೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುವುದು, ಉತ್ತರಾಖಂಡಕ್ಕೆ ತಲುಪಿದರೆ ಎರಡು ಮೂರು ದಿನ ಬಿಡದೆ ಹಿಮ ಸುರಿಯಬಹುದು. ಆಗ ಕೈಯಲ್ಲಿ ಒಂದು ದಿನ ಹೆಚ್ಚುವರಿ ಇದ್ದವರು ಬಿಡಾರದಲ್ಲಿ ಕಾಯುತ್ತಾರೆ, ಇಲ್ಲದವರು ನಡೆಯುತ್ತಾರೆ. ಆದ್ದರಿಂದ ಹೊಸ ಜಾಕೆಟ್ಟಿಗಿಂತ ಮೊದಲು ಒಂದು ದಿನದ ರಜೆಯನ್ನು ಹೆಚ್ಚಾಗಿ ಹಾಕಿಕೊಳ್ಳಿ. ಅಲ್ಲಿ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸಂಜೆ ಐದೂವರೆಗೂ ಮೊದಲೇ ಎಂಬುದನ್ನು ನೆನಪಿಟ್ಟು, ಶಿಖರದ ದಿನ ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಿಬಿಡುತ್ತೇವೆ ಎಂಬ ಹೊತ್ತನ್ನು ಐವರೂ ಹಿಂದಿನ ರಾತ್ರಿಯೇ ಮಾರ್ಗದರ್ಶಿಯೊಂದಿಗೆ ಕುಳಿತು ಗೊತ್ತುಮಾಡಿಕೊಳ್ಳಿ. ದಣಿವು ಮತ್ತು ಆಸೆ ಎರಡೂ ಇರುವ ಜಾಗದಲ್ಲಿ ನಿಂತು ತೆಗೆದುಕೊಳ್ಳುವ ತೀರ್ಮಾನ ಸರಿಯಾಗಿರುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ದಪ್ಪ ಸ್ವೆಟರ್, ಜೀನ್ಸ್ ಪ್ಯಾಂಟು, ಒಳಗೆ ಹಾಕಲು ಹತ್ತಿಯ ಬನಿಯನ್ನುಗಳಿವೆ. ಇಷ್ಟೇ ಸಾಲದೇ? ಅಂಗಡಿಯವರು ಹೇಳುವ ಪಟ್ಟಿಯ ಬೆಲೆ ಕೇಳಿ ಗಾಬರಿಯಾಗಿದೆ.
– ಎಂ. ಬಿ., ಹುಬ್ಬಳ್ಳಿ

ಉತ್ತರ: ಸ್ವೆಟರ್ ಉಣ್ಣೆಯದಾದರೆ ಅದು ಬರಲಿ. ಜೀನ್ಸ್ ಮತ್ತು ಹತ್ತಿಯ ಬನಿಯನ್ನು ಮನೆಯಲ್ಲೇ ಇರಲಿ. ಹತ್ತಿ ಬೆವರನ್ನು ಹೀರಿಕೊಂಡು ಬೇಗ ಒಣಗುವುದಿಲ್ಲ, ಮತ್ತು ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದೊಯ್ಯುತ್ತದೆ. ಹತ್ತುವಾಗ ಒದ್ದೆಯಾದ ಬನಿಯನ್ನು, ನೀವು ಹತ್ತು ನಿಮಿಷ ನಿಂತೊಡನೆ ಮೈಗೆ ಅಂಟಿಕೊಂಡು ತಣ್ಣಗೆ ಕೊರೆಯಲಾರಂಭಿಸುತ್ತದೆ. ಮೈಗೆ ತಾಗುವ ಬಟ್ಟೆ ಮೆರಿನೋ ಉಣ್ಣೆಯದೋ ಪಾಲಿಯೆಸ್ಟರಿನದೋ ಆಗಿರಬೇಕು. ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ. ನಿಂತಾಗ ಮತ್ತು ಬಿಡಾರದಲ್ಲಿ ಹಾಕಿಕೊಳ್ಳಲು ಪುಕ್ಕ ಅಥವಾ ಕೃತಕ ನಾರು ತುಂಬಿದ ಜಾಕೆಟ್. ಎಲ್ಲಕ್ಕೂ ಹೊರಗೆ ಗಾಳಿ ಮತ್ತು ನೀರನ್ನು ತಡೆಯುವ ತೆಳುವಾದ ಹೊದಿಕೆ. ಪುಕ್ಕದ ಜಾಕೆಟ್ ಹಗುರ ಮತ್ತು ಬಹಳ ಬೆಚ್ಚಗೆ, ಆದರೆ ಒದ್ದೆಯಾದರೆ ಮುದ್ದೆಯಾಗಿ ಕೆಲಸಕ್ಕೆ ಬಾರದು. ಕೃತಕ ನಾರಿನದು ತುಸು ಭಾರವಾದರೂ ಒದ್ದೆಯಲ್ಲೂ ಸ್ವಲ್ಪ ಶಾಖ ಉಳಿಸುತ್ತದೆ.

ಹೊರಗಿನ ಆ ತೆಳು ಹೊದಿಕೆಯನ್ನು ಹಣ ಉಳಿಸಲು ಬಿಟ್ಟುಬಿಡುವವರಿದ್ದಾರೆ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 20 ಡಿಗ್ರಿ ಕೆಳಗಿನಂತೆ ತಾಗುತ್ತದೆ. ಗಾಳಿಯನ್ನು ತಡೆಯದ ಎರಡು ಸ್ವೆಟರಿಗಿಂತ, ಗಾಳಿ ತಡೆಯುವ ಹೊದಿಕೆಯ ಒಳಗಿನ ಒಂದು ಸ್ವೆಟರ್ ಮೇಲು. ಇದೆಲ್ಲವನ್ನೂ ಕೊಳ್ಳಲೇಬೇಕೆಂದಿಲ್ಲ. ಜಾಕೆಟ್, ಬೂಟಿನ ತಳಕ್ಕೆ ಬಿಗಿಯುವ ಉಕ್ಕಿನ ಮುಳ್ಳುಗಳ ಮೈಕ್ರೋಸ್ಪೈಕ್, ಬೂಟಿನೊಳಗೆ ಹಿಮ ನುಗ್ಗದಂತೆ ಮೊಣಕಾಲವರೆಗೆ ಕಟ್ಟುವ ಗೇಟರ್ ಇವು ಸಾಂಕ್ರಿಯಲ್ಲಿಯೂ ಬೆಂಗಳೂರಿನಲ್ಲಿಯೂ ಬಾಡಿಗೆಗೆ ಸಿಗುತ್ತವೆ. ಜಿಪ್ಪು, ಹೊಲಿಗೆ, ಮುಳ್ಳುಗಳ ಕೊಂಡಿಗಳನ್ನು ಎಳೆದು ನೋಡಿ ತೆಗೆದುಕೊಳ್ಳಿ. ನಿಮ್ಮ ಸ್ವಂತದ್ದೇ ಆಗಿರಬೇಕಾದದ್ದು ಬೂಟು, ಒಳಬಟ್ಟೆ ಮತ್ತು ಕೈಗವಸು. ಬೂಟು ದಪ್ಪ ಕಾಲುಚೀಲದೊಳಗೂ ಬೆರಳುಗಳು ಆಡುವಷ್ಟು ಸಡಿಲವಿರಲಿ, ಬಿಗಿಯಾದ ಬೂಟು ರಕ್ತದ ಓಡಾಟ ತಡೆದು ಬೆರಳುಗಳನ್ನು ಮರಗಟ್ಟಿಸುತ್ತದೆ. ಕೈಗವಸು ಎರಡು ಜೊತೆ ಬೇಕು, ಒಂದು ಒದ್ದೆಯಾಗಿಯೇ ಆಗುತ್ತದೆ. ಮಲಗುವ ಹೊತ್ತಿನ ಕಾಲುಚೀಲ ಮತ್ತು ಒಳಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಏನೇ ಆದರೂ ಹಗಲು ಮುಟ್ಟದೆ ಇಡಿ.

ಧರಿಸುವ ಕ್ರಮವೂ ಮುಖ್ಯ. ಹೊರಡುವಾಗ ತುಸು ಚಳಿಯೆನಿಸುವಷ್ಟೇ ಬಟ್ಟೆ ಹಾಕಿಕೊಂಡು ಹೊರಡಿ, ಬೆವರು ಬರುವ ಮೊದಲೇ ಒಂದು ಪದರ ತೆಗೆಯಿರಿ, ನಿಂತ ಕೂಡಲೇ ಚಳಿ ತಾಗುವ ಮೊದಲೇ ಹಾಕಿಕೊಳ್ಳಿ. ಸೋಮಾರಿತನದಿಂದ ಇದನ್ನು ಮುಂದೂಡುವವರೇ ಸಂಜೆ ಹೊತ್ತಿಗೆ ನಡುಗುತ್ತ ಕೂರುತ್ತಾರೆ.

ಪ್ರಶ್ನೆ: ಇಪ್ಪತ್ಮೂರು ವರ್ಷದ ನನ್ನ ಮಗ ಗೆಳೆಯರ ಜೊತೆ ಉತ್ತರಾಖಂಡದ ಹಿಮದ ಚಾರಣಕ್ಕೆ ಹೊರಟಿದ್ದಾನೆ. 2024ರಲ್ಲಿ ನಮ್ಮ ಕಡೆಯವರೇ ಅಲ್ಲಿ ತೀರಿಕೊಂಡ ಸುದ್ದಿ ಓದಿದಾಗಿನಿಂದ ನನಗೆ ನಿದ್ದೆ ಬರುತ್ತಿಲ್ಲ. ಹಿಮಕುಸಿತದ ಭಯವೂ ಇದೆ. ಬೇಡವೆಂದರೆ ಕೇಳುವುದಿಲ್ಲ. ನಾನೇನು ಮಾಡಲಿ?
– ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮ, ನಿಮ್ಮ ಆತಂಕಕ್ಕೆ ಆಧಾರವಿದೆ, ಆದ್ದರಿಂದ ಹೆದರಬೇಡಿ ಎಂದು ಬರೆದು ಸುಮ್ಮನಾಗಲಾರೆ. 2024ರ ಜೂನ್ ಮೊದಲ ವಾರ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲ್ ಹಾದಿಯಲ್ಲಿ, 4,000 ಮೀಟರಿಗೂ ಎತ್ತರದ ಪ್ರದೇಶದಲ್ಲಿ ಹಿಮಗಾಳಿಗೆ ಸಿಕ್ಕ, ಕರ್ನಾಟಕದವರೇ ಹೆಚ್ಚಾಗಿದ್ದ 22 ಜನರ ತಂಡದಲ್ಲಿ 9 ಮಂದಿ ಪ್ರಾಣ ಕಳೆದುಕೊಂಡರು. ಉಳಿದ 13 ಮಂದಿಯನ್ನು ರಕ್ಷಿಸಲಾಯಿತು. ಅದು ಬೇಸಿಗೆಯ ಜೂನ್ ತಿಂಗಳು, ಚಳಿಗಾಲವಲ್ಲ. ಎತ್ತರದಲ್ಲಿ ಗಾಳಿ, ಹಿಮ ಮತ್ತು ದಣಿವು ಒಟ್ಟಿಗೆ ಬಂದರೆ ಅನುಭವಿಗಳಿಗೂ ಕೆಲವೇ ಗಂಟೆಗಳಲ್ಲಿ ಜೀವ ಉಳಿಸಿಕೊಳ್ಳುವುದು ಕಷ್ಟವಾಗುತ್ತದೆ ಎಂಬುದನ್ನು ನಮ್ಮ ನಾಡಿನ ಚಾರಣಿಗರೆಲ್ಲ ಆ ದಿನ ಅರಿತರು. ಆ ಕುಟುಂಬಗಳ ನೋವನ್ನು ಬದಿಗಿಟ್ಟು ಯಾರೂ ಈ ವಿಷಯ ಮಾತನಾಡುವಂತಿಲ್ಲ.

ಆದರೂ ಮಗನನ್ನು ತಡೆಯಿರಿ ಎಂದು ಹೇಳಲಾರೆ. ತಡೆದರೆ ಹೇಳದೆ ಹೋದಾನು, ಅದು ಇನ್ನೂ ಅಪಾಯ. ಬದಲಿಗೆ ಅವನನ್ನು ಕೂರಿಸಿಕೊಂಡು ಕೆಲವು ಪ್ರಶ್ನೆ ಕೇಳಿ. ಉತ್ತರ ಅವನಿಗೆ ಗೊತ್ತಿಲ್ಲದಿದ್ದರೆ ಏರ್ಪಡಿಸಿದವರಿಂದ ತಿಳಿದು ಬಂದು ಹೇಳಲಿ. ತಂಡದ ನಾಯಕರು ಪರ್ವತಾರೋಹಣದ ತರಬೇತಿ ಪಡೆದವರೇ? ನಮ್ಮಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯಂಥ ಕಡೆ ಬೇಸಿಕ್ ಮತ್ತು ಅಡ್ವಾನ್ಸ್ಡ್ ಕೋರ್ಸುಗಳಿವೆ. ಪ್ರಥಮ ಚಿಕಿತ್ಸೆ ಬಲ್ಲವರು ಯಾರು? ಎಷ್ಟು ಜನಕ್ಕೆ ಒಬ್ಬ ಮಾರ್ಗದರ್ಶಿ? ಆಮ್ಲಜನಕದ ಸಿಲಿಂಡರ್, ಸ್ಟ್ರೆಚರ್, ವಾಕಿಟಾಕಿ ತಂಡದ ಜೊತೆಗೇ ಮೇಲೆ ಬರುತ್ತವೆಯೇ, ಅಥವಾ ಕೆಳಗಿನ ಬಿಡಾರದಲ್ಲೇ ಇರುತ್ತವೆಯೇ? ಅರಣ್ಯ ಇಲಾಖೆಯ ಅನುಮತಿ ಪತ್ರದಲ್ಲಿ ಮಗನ ಹೆಸರಿದೆಯೇ? ಹವಾಮಾನ ಕೆಟ್ಟರೆ ಕಾಯಲು ದಿನ ಇಟ್ಟಿದ್ದಾರೆಯೇ? ಯಾರಿಗಾದರೂ ಅಸ್ವಸ್ಥತೆಯಾದರೆ ರಸ್ತೆಗೆ ಇಳಿಸಲು ಎಷ್ಟು ಗಂಟೆ ಬೇಕು, ಅಲ್ಲಿಂದ ಆಸ್ಪತ್ರೆ ಎಷ್ಟು ದೂರ? ಇವುಗಳಿಗೆ ನೇರ ಉತ್ತರ ಕೊಡದೆ ‘ಚಿಂತೆ ಬೇಡ, ನಾವು ನೋಡಿಕೊಳ್ಳುತ್ತೇವೆ’ ಎನ್ನುವವರ ಜೊತೆ ಕಳಿಸಬೇಡಿ. ಇಷ್ಟರ ಮಟ್ಟಿಗೆ ನೀವು ಹಟ ಹಿಡಿಯುವುದು ನ್ಯಾಯವೇ.

ಹಿಮಕುಸಿತದ ಭಯವನ್ನೂ ನೀವು ಬರೆದಿದ್ದೀರಿ. ಸಾಮಾನ್ಯವಾಗಿ 30ರಿಂದ 45 ಡಿಗ್ರಿಯಷ್ಟು ಓರೆಯಾದ ಇಳಿಜಾರುಗಳಲ್ಲಿ, ಅದರಲ್ಲೂ ಹೊಸ ಹಿಮ ದಟ್ಟವಾಗಿ ಬಿದ್ದ ಮೊದಲ ಒಂದೆರಡು ದಿನಗಳಲ್ಲಿ ಅದರ ಅಪಾಯ ಹೆಚ್ಚು. ಕಾಡಿನ ನಡುವಿನ ಹಾದಿಗಳಲ್ಲಿ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ತರಬೇತಿ ಸಂಸ್ಥೆಯ ತಂಡವೇ, 25ಕ್ಕೂ ಹೆಚ್ಚು ಜನ ಜೀವ ತೆತ್ತರು. ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯೊಂದು ಚಳಿಗಾಲದಲ್ಲಿ ಹಿಮಕುಸಿತದ ಮುನ್ಸೂಚನೆ ಹೊರಡಿಸುತ್ತದೆ, ಹವಾಮಾನ ಇಲಾಖೆ ಜಿಲ್ಲಾವಾರು ಬಣ್ಣದ ಎಚ್ಚರಿಕೆ ಕೊಡುತ್ತದೆ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇರುವಾಗ ತಂಡ ಬಿಡಾರ ಬಿಡುವುದಿಲ್ಲ ಎಂಬ ಮಾತನ್ನು ಮಗನಿಂದ ಪಡೆಯಿರಿ. ಸಾಂಕ್ರಿಯಂಥ ಕೊನೆಯ ಊರುಗಳಿಂದ ಮುಂದೆ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲವಾದ್ದರಿಂದ, ದಿನಕ್ಕೊಂದು ಕರೆ ಬರಲಿಲ್ಲವೆಂದು ನೀವು ಕಂಗಾಲಾಗಬೇಡಿ. ಯಾವ ದಿನ ಯಾವ ಬಿಡಾರ, ಯಾವ ಸಂಜೆಯೊಳಗೆ ಕೆಳಗಿಳಿದು ಕರೆ ಮಾಡಬೇಕು, ಮಾಡದಿದ್ದರೆ ನೀವು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ ಇಟ್ಟುಕೊಳ್ಳಿ. ದೇಶದಾದ್ಯಂತ ತುರ್ತು ಸಂಖ್ಯೆ 112.

ಪ್ರಶ್ನೆ: ಚಳಿಗೆ ಸ್ವಲ್ಪ ಬ್ರಾಂಡಿ ಅಥವಾ ರಮ್ ಒಳ್ಳೆಯದಂತೆ, ನಿಜವೇ?
– ಪಿ. ಜಿ., ಶಿವಮೊಗ್ಗ

ಉತ್ತರ: ನಿಜವಲ್ಲ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ, ಆ ಹೊತ್ತಿನಲ್ಲೇ ಒಳಗಿನ ಶಾಖ ಹೊರಗೆ ಸೋರಿಹೋಗುತ್ತಿರುತ್ತದೆ. ನಡುಕವೂ ವಿವೇಚನೆಯೂ ಕುಂದುತ್ತವೆ, ನಿದ್ದೆಯಲ್ಲಿ ಉಸಿರಾಟವೂ ತಗ್ಗುತ್ತದೆ. ಎತ್ತರದಲ್ಲಿ ಒಂದು ಗುಟುಕೂ ಬೇಡ.

ಪ್ರಶ್ನೆ: ಚಳಿಯಿಂದ ಆಗುವ ಅಪಾಯವನ್ನು ಜೊತೆಯವರಲ್ಲಿ ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು? ನಾನು ಶಾಲಾ ಶಿಕ್ಷಕಿ, ಕಾಲೇಜು ಮಕ್ಕಳ ತಂಡವೊಂದರ ಜೊತೆ ಹೋಗಲಿದ್ದೇನೆ.
– ಎಸ್. ಎನ್., ಧಾರವಾಡ

ಉತ್ತರ: ದೇಹದ ಒಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೊಥರ್ಮಿಯಾ ಎನ್ನುತ್ತಾರೆ. ಹಾದಿಯಲ್ಲಿ ನಿಮಗೆ ಥರ್ಮಾಮೀಟರ್ ನೆರವಾಗದು. ಮಕ್ಕಳ ನಡವಳಿಕೆಯೇ ಸೂಚನೆ. ತಡೆಯಲಾಗದ ನಡುಕ, ಕೈಯಲ್ಲಿ ಜಿಪ್ಪು ಹಾಕಲಾಗದಿರುವುದು, ಸಮತಟ್ಟಾದ ಜಾಗದಲ್ಲೂ ಎಡವುವುದು, ಮಾತು ತೊದಲುವುದು, ಯಾವಾಗಲೂ ಹರಟುತ್ತಿದ್ದ ಹುಡುಗಿ ಮೌನವಾಗಿ ಹಿಂದುಳಿಯುವುದು, ಸುಮ್ಮಸುಮ್ಮನೆ ರೇಗುವುದು. ಇವುಗಳಲ್ಲಿ ಯಾವುದು ಕಂಡರೂ ತಂಡ ನಿಲ್ಲಬೇಕು. ನಡುಗುತ್ತಿದ್ದ ಮಗು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ, ಅದು ಗುಣವಾದ ಲಕ್ಷಣವಲ್ಲ, ದೇಹ ಸೋಲುತ್ತಿರುವ ಲಕ್ಷಣ. ಆ ಹಂತದಲ್ಲಿ ಕೆಲವರು ಸೆಕೆಯಾಗುತ್ತಿದೆ ಎಂದು ಬಟ್ಟೆ ಕಳಚಲೂ ತೊಡಗುತ್ತಾರೆ, ಬಿಡಬಾರದು.

ಮೊದಲು ಗಾಳಿ ಬೀಸದ ಜಾಗಕ್ಕೆ ಕರೆದೊಯ್ಯಿರಿ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ತೊಡಿಸಿ, ನೆಲದಿಂದ ಚಳಿ ಏರದಂತೆ ಚಾಪೆಯನ್ನೋ ಚೀಲಗಳನ್ನೋ ಹಾಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿಸಿ, ತಲೆ ಮುಚ್ಚಿ. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆ ಮತ್ತು ಕಂಕುಳ ಬಳಿ ಇಡಿ. ಪೂರ್ತಿ ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಮಾತ್ರ ಬೆಚ್ಚಗಿನ ಸಕ್ಕರೆ ಪಾನಕ ಕೊಡಿ. ಕೈಕಾಲು ತಿಕ್ಕಬೇಡಿ, ಎಬ್ಬಿಸಿ ನಡೆಸಬೇಡಿ. ತೀವ್ರವಾಗಿ ತಣ್ಣಗಾದ ಹೃದಯ ಸಣ್ಣ ಕುಲುಕಾಟಕ್ಕೂ ತಾಳತಪ್ಪಬಹುದು. ಅರೆಪ್ರಜ್ಞೆಯಲ್ಲಿರುವವರನ್ನು ಅಡ್ಡವಾಗಿಯೇ, ಮೆಲ್ಲಗೆ ಸಾಗಿಸಬೇಕು. ನಾಡಿ ಸಿಗುತ್ತಿಲ್ಲವೆಂದು ಕೈಬಿಡಬೇಡಿ. ತಣ್ಣಗಾದ ದೇಹದಲ್ಲಿ ನಾಡಿ ಬಹಳ ನಿಧಾನವಾಗಿ, ಕ್ಷೀಣವಾಗಿ ಇರುತ್ತದೆ, ಬೆಚ್ಚಗಾದ ಮೇಲೆ ಚೇತರಿಸಿಕೊಂಡವರಿದ್ದಾರೆ.

ಫ್ರಾಸ್ಟ್‌ಬೈಟ್ ಬೇರೆಯದು, ಕಿವಿ, ಮೂಗು, ಬೆರಳುಗಳ ಚರ್ಮ ಹೆಪ್ಪುಗಟ್ಟುವುದು. ಬೆರಳು ಜುಮುಗುಟ್ಟಿ, ಬಿಳಿಚಿಕೊಂಡು, ನಂತರ ನೋವೇ ತಿಳಿಯದಂತಾದರೆ ಎಚ್ಚರಗೊಳ್ಳಬೇಕು. ಆರಂಭದಲ್ಲಿಯೇ ಕಂಕುಳಲ್ಲಿಟ್ಟು ಅಥವಾ ಜೊತೆಯವರ ಹೊಟ್ಟೆಗೆ ಒತ್ತಿ ಬೆಚ್ಚಗಾಗಿಸಿದರೆ ಸರಿಹೋಗುತ್ತದೆ. ಗಟ್ಟಿಯಾಗಿ ಮರದಂತಾಗಿದ್ದರೆ ಬೆಂಕಿಗೆ ಹಿಡಿಯುವುದು, ಹಿಮದಿಂದ ಉಜ್ಜುವುದು ಎರಡೂ ತಪ್ಪು. ಸ್ಪರ್ಶವಿಲ್ಲದ ಬೆರಳು ಬೆಂಕಿಯಲ್ಲಿ ಸುಟ್ಟರೂ ಗೊತ್ತಾಗುವುದಿಲ್ಲ. 37ರಿಂದ 39 ಡಿಗ್ರಿಯ ನೀರಿನಲ್ಲಿ ಮುಳುಗಿಸಿ ಕರಗಿಸಬೇಕು, ಅದೂ ಮತ್ತೆ ಹೆಪ್ಪುಗಟ್ಟದಂತೆ ನೋಡಿಕೊಳ್ಳಲು ಸಾಧ್ಯವಿದ್ದರೆ ಮಾತ್ರ. ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳಿಗೆ ಹಾನಿ ಇನ್ನೂ ಹೆಚ್ಚು, ಆದ್ದರಿಂದ ಇನ್ನೂ ನಡೆಯಬೇಕಾಗಿದ್ದರೆ ಹಾಗೆಯೇ ಮುಚ್ಚಿಕೊಂಡು ಆಸ್ಪತ್ರೆಗೆ ಇಳಿಯುವುದೇ ಲೇಸು.

ಮಕ್ಕಳನ್ನು ಇಬ್ಬಿಬ್ಬರಾಗಿ ಜೋಡಿ ಮಾಡಿ, ಪ್ರತಿ ವಿಶ್ರಾಂತಿಯಲ್ಲೂ ಒಬ್ಬರು ಇನ್ನೊಬ್ಬರ ಮೂಗು, ಕೆನ್ನೆ, ಬೆರಳು ನೋಡುವಂತೆ ಹೇಳಿ. ತನ್ನ ಮುಖ ತನಗೆ ಕಾಣುವುದಿಲ್ಲ, ಮತ್ತು ಹದಿಹರೆಯದವರು ತಮಗೆ ಕಷ್ಟವಾಗುತ್ತಿದೆ ಎಂದು ತಾವಾಗಿ ಹೇಳುವುದು ಕಡಿಮೆ.

ಪ್ರಶ್ನೆ: ನನ್ನ ತಂದೆಗೆ 58 ವರ್ಷ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇವೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ದಿನಾ ಆರು ಕಿಲೋಮೀಟರ್ ನಡೆಯುತ್ತಾರೆ. ಅವರನ್ನು ಕರೆದೊಯ್ಯಬಹುದೇ? ಎತ್ತರಕ್ಕೆ ಮಾತ್ರೆ ಇದೆಯಂತಲ್ಲ?
– ಕೆ. ಆರ್., ದಾವಣಗೆರೆ

ಉತ್ತರ: ವಯಸ್ಸು ಅಡ್ಡಿಯಲ್ಲ. ಹೃದಯದ ತಪಾಸಣೆ ಮಾಡಿಸಿ, ವೈದ್ಯರಿಗೆ ಎತ್ತರವನ್ನೂ ಚಳಿಯನ್ನೂ ಬಿಡಿಸಿ ಹೇಳಿ ಒಪ್ಪಿಗೆ ಪಡೆಯಬೇಕು. ಚಳಿ ರಕ್ತನಾಳಗಳನ್ನು ಕುಗ್ಗಿಸಿ ರಕ್ತದೊತ್ತಡ ಏರಿಸುತ್ತದೆ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ, ಹಾಗಾಗಿ ಅದು ಹಗಲು ಒಳಜೇಬಿನಲ್ಲೂ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೂ ಇರಬೇಕು. ಸಕ್ಕರೆ ಅಳೆಯುವ ಯಂತ್ರವೂ ಚಳಿಯಲ್ಲಿ ತಪ್ಪು ತೋರಿಸಬಹುದು, ಅದನ್ನೂ ಮೈಗೆ ತಾಗಿಸಿಕೊಂಡಿರಲಿ. ಪಾದಗಳ ಸ್ಪರ್ಶ ಕುಂದಿದ್ದರೆ ಹಿಮದ ಚಾರಣವನ್ನು ಕೈಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ; ಬೆರಳು ಮರಗಟ್ಟಿದ್ದು ಅವರಿಗೆ ತಿಳಿಯುವುದೇ ಇಲ್ಲ.

ಎತ್ತರದ ಕಾಯಿಲೆ ಸುಮಾರು 2,500 ಮೀಟರಿನಿಂದ ಮೇಲೆ ಯಾರಿಗೂ ಬರಬಹುದು, ದಿನಾ ಓಡುವವರಿಗೂ ವಿನಾಯಿತಿ ಇಲ್ಲ. ತಲೆನೋವಿನ ಜೊತೆ ವಾಕರಿಕೆ, ಸುಸ್ತು, ತಲೆಸುತ್ತು ಬಂದರೆ ಅಲ್ಲಿಂದ ಮೇಲೇರಬಾರದು. ನೆಟ್ಟಗೆ ಒಂದು ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲಾಗದಿದ್ದರೆ ಮೆದುಳಿನಲ್ಲಿ ಊತವಿರಬಹುದು. ಕುಳಿತಲ್ಲೇ ಏದುಸಿರು ಮತ್ತು ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಇವೆರಡರಲ್ಲೂ ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಕೆಳಗಿಳಿಸಬೇಕು. ನೀವು ಕೇಳಿದ ಮಾತ್ರೆ ಅಸಿಟಜೋಲಮೈಡ್. ದೇಹ ಎತ್ತರಕ್ಕೆ ಹೊಂದಿಕೊಳ್ಳಲು ಅದು ನೆರವಾಗುತ್ತದೆ, ಆದರೆ ಸಲ್ಫಾ ಔಷಧದ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರಿಗೆ ತಿಳಿಸಲೇಬೇಕು. ಮಾತ್ರೆ ನುಂಗಿದ್ದೇವೆಂದು ಲಕ್ಷಣಗಳನ್ನು ಕಡೆಗಣಿಸಿ ಮೇಲೇರುವುದು ತಪ್ಪು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಣ್ಣಗಿನ ಬೆರಳಿನಲ್ಲಿ ಕಡಿಮೆ ತೋರಿಸುತ್ತದೆ. ಕೈ ಬೆಚ್ಚಗೆ ಮಾಡಿಕೊಂಡು ನೋಡಿ, ಅಂಕಿಗಿಂತ ಮನುಷ್ಯನ ಸ್ಥಿತಿಗೆ ಹೆಚ್ಚು ಬೆಲೆ ಕೊಡಿ.

ಪ್ರಶ್ನೆ: ಕೇಳಲು ಸಂಕೋಚ, ಆದರೆ ಯಾರೂ ಬರೆಯುವುದಿಲ್ಲ. ರಾತ್ರಿ ಶೌಚಕ್ಕೆ ಹೋಗುವುದು, ಮುಟ್ಟಿನ ದಿನಗಳು – ಇವುಗಳನ್ನು ಹಿಮದಲ್ಲಿ ಹೇಗೆ ನಿಭಾಯಿಸುವುದು?
– ಓದುಗರು, ಉಡುಪಿ

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ರಾತ್ರಿ ಹೊರಗೆ ಹೋಗಬೇಕಾಗುತ್ತದೆ ಎಂದು ಸಂಜೆಯಿಂದಲೇ ನೀರು ಬಿಡುವ ಹೆಣ್ಣುಮಕ್ಕಳು ಬಹಳ, ಅದು ದೊಡ್ಡ ಅಪಾಯ. ಚಳಿಯಲ್ಲಿ ಮೂತ್ರ ಹೆಚ್ಚಾಗುವುದು ಸಹಜ, ಒಣಗಾಳಿಯಲ್ಲಿ ಉಸಿರಿನಿಂದಲೂ ನೀರು ನಷ್ಟವಾಗುತ್ತದೆ, ಬಾಯಾರಿಕೆ ಮಾತ್ರ ತಿಳಿಯುವುದಿಲ್ಲ. ದಿನಕ್ಕೆ 3 ಲೀಟರಿನಷ್ಟಾದರೂ ಕುಡಿಯಿರಿ, ಅದರ ಹೆಚ್ಚಿನ ಪಾಲು ಮಧ್ಯಾಹ್ನದೊಳಗೆ ಮುಗಿಯಲಿ. ತಡೆಹಿಡಿದು ಮಲಗಿದರೆ ನಿದ್ದೆಯೂ ಬಾರದು, ಚಳಿಯೂ ಹೆಚ್ಚೆನಿಸುತ್ತದೆ. ತಲೆಗೆ ಕಟ್ಟುವ ದೀಪ ಹಾಕಿಕೊಂಡು, ಟೆಂಟಿನ ಜೊತೆಗಾತಿಯನ್ನು ಎಬ್ಬಿಸಿ, ಇಬ್ಬರಾಗಿ ಹೋಗಿ. ನಾಚಿಕೆಪಟ್ಟು ಬಿಡಾರದಿಂದ ದೂರ ಹೋಗಿ ದಾರಿ ತಪ್ಪುವುದಕ್ಕಿಂತ ಇದು ಎಷ್ಟೋ ವಾಸಿ. ಎತ್ತರ ಮತ್ತು ದಣಿವಿನಿಂದ ಮುಟ್ಟು ಹಿಂದುಮುಂದಾಗಬಹುದು, ಆದ್ದರಿಂದ ದಿನ ದೂರವಿದ್ದರೂ ಪ್ಯಾಡ್ ಇರಲಿ. ಮುಟ್ಟಿನ ಕಪ್ ಬಳಸುವವರು ಕೈ ತೊಳೆಯಲು ಬಿಸಿನೀರು ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬಳಸಿದ್ದನ್ನು ಹಿಮದಲ್ಲಿ ಹೂಳಬೇಡಿ, ಹಿಮ ಕರಗಿದಾಗ ಅದು ಹಳ್ಳಿಯವರ ನೀರಿಗೆ ಸೇರುತ್ತದೆ. ಗಟ್ಟಿ ಚೀಲದಲ್ಲಿ ಕಟ್ಟಿ ಕೆಳಗೆ ತನ್ನಿ.

ಪ್ರಶ್ನೆ: ಕನ್ನಡಕ, ಮೊಬೈಲು, ನೀರಿನ ಬಾಟಲಿ – ಇವು ಚಳಿಯಲ್ಲಿ ಕೆಲಸ ಮಾಡುತ್ತವೆಯೇ?
– ವಿ. ಪಿ., ಕಲಬುರಗಿ

ಉತ್ತರ: ಮೊಬೈಲ್ ಮತ್ತು ಪವರ್ ಬ್ಯಾಂಕಿನ ಬ್ಯಾಟರಿ ಚಳಿಯಲ್ಲಿ ಬೇಗ ಕುಸಿಯುತ್ತದೆ, ಮೈಗೆ ತಾಗುವ ಜೇಬಿನಲ್ಲಿಡಿ. ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಮಂಜುಗಡ್ಡೆ ಮೇಲ್ಭಾಗದಲ್ಲಿ ಕಟ್ಟಿ, ಬಾಯಿ ತೆರೆದಿರುತ್ತದೆ. ಕೊಳವೆಯಿಂದ ಹೀರುವ ನೀರಿನ ಚೀಲ ಬೇಡ, ಕೊಳವೆ ಹೆಪ್ಪುಗಟ್ಟುತ್ತದೆ. ಹೊಸ ಹಿಮ ಸೂರ್ಯನ ನೇರಳಾತೀತ ಕಿರಣದ ಸುಮಾರು ಶೇ 80ರಷ್ಟನ್ನು ಮರಳಿ ಎಸೆಯುವುದರಿಂದ, ಮೋಡವಿದ್ದ ದಿನವೂ ಯುವಿ 400 ಗುರುತಿನ, ಬದಿಗಳನ್ನೂ ಮುಚ್ಚುವ ಕಪ್ಪು ಕನ್ನಡಕ ಬೇಕು. ಪವರ್ ಕನ್ನಡಕದವರು ಅದರ ಮೇಲೆಯೇ ಕೂರುವಂಥದ್ದನ್ನು ಕೊಳ್ಳಿ. ಕಣ್ಣು ಸುಟ್ಟದ್ದು ಆಗಲೇ ತಿಳಿಯುವುದಿಲ್ಲ, ಕೆಲವು ಗಂಟೆಗಳ ನಂತರ ಮರಳು ಬಿದ್ದಂತೆ ಉರಿಯತೊಡಗುತ್ತದೆ.

ಪ್ರಶ್ನೆ: ನಾವು ಡಿಸೆಂಬರಿನಲ್ಲಿ ಊಟಿ, ಕೊಡಗಿನ ಕಡೆ ಟೆಂಟಿನಲ್ಲಿ ಉಳಿಯುತ್ತೇವೆ. ಟೆಂಟಿನೊಳಗೆ ಸಣ್ಣ ಇದ್ದಿಲ ಒಲೆ ಇಟ್ಟುಕೊಳ್ಳಬಹುದೇ?
– ಜೆ. ಡಿ., ಮಂಡ್ಯ

ಉತ್ತರ: ಖಂಡಿತ ಕೂಡದು. ಟೆಂಟಿನಲ್ಲಾಗಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಾಗಲಿ, ಕಾರಿನಲ್ಲಾಗಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದ ಕೆಂಡವೂ ಅಷ್ಟೇ ಅಪಾಯ. ಮಲಗಿದವರು ಏಳುವುದೇ ಇಲ್ಲ. ಉತ್ತರ ಭಾರತದಲ್ಲಿ ಅಂಗೀಠಿ ಎಂಬ ಇದ್ದಿಲ ಒಲೆ ಇಟ್ಟು ಮಲಗಿ ಸತ್ತವರ ಸುದ್ದಿ ಪ್ರತಿ ಚಳಿಗಾಲವೂ ಬರುತ್ತದೆ. ತಲೆನೋವು, ವಾಕರಿಕೆ ಬಂದರೆ ತಕ್ಷಣ ಎಲ್ಲರೂ ಹೊರಗೆ ಬನ್ನಿ. ಬೆಚ್ಚಗಿರಲು ಮಲಗುವ ಮುನ್ನ ಹೊಟ್ಟೆ ತುಂಬ ಉಣ್ಣಿ, ನೆಲಕ್ಕೆ ದಪ್ಪ ಚಾಪೆ ಹಾಸಿ, ಬಿಗಿಯಾಗಿ ಮುಚ್ಚಿದ ಬಿಸಿನೀರಿನ ಬಾಟಲಿಯನ್ನು ಕಾಲ ಬಳಿ ಇಟ್ಟುಕೊಳ್ಳಿ. ಹೊರಗೆ ಬೆಂಕಿ ಹಾಕುವುದೂ ಎಲ್ಲೆಡೆ ಸಲ್ಲದು. ನಮ್ಮ ಶೋಲಾ ಹುಲ್ಲುಗಾವಲು ಆ ತಿಂಗಳಿನಿಂದಲೇ ಒಣಗಲಾರಂಭಿಸುತ್ತದೆ, ಒಂದು ಕಿಡಿ ಸಾಕು.

ಪ್ರಶ್ನೆ: ನಾವು ದಂಪತಿ ಅಮೆರಿಕದ ಬೋಸ್ಟನ್ ಬಳಿ ಇದ್ದೇವೆ. ಇಲ್ಲಿಗೆ ಹತ್ತಿರದ ಮೌಂಟ್ ವಾಷಿಂಗ್ಟನ್ ಶಿಖರ ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಕಡಿಮೆ ಎತ್ತರ. ಜನವರಿಯಲ್ಲಿ ಹತ್ತಬಹುದೇ?
– ಎ. ಮತ್ತು ಎಲ್., ಮ್ಯಾಸಚೂಸೆಟ್ಸ್

ಉತ್ತರ: ಎತ್ತರದ ಲೆಕ್ಕ ಸರಿ: ಮೌಂಟ್ ವಾಷಿಂಗ್ಟನ್ 1,917 ಮೀಟರ್, ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಆದರೆ ಎತ್ತರವೊಂದನ್ನೇ ನೋಡಿ ಬೆಟ್ಟವನ್ನು ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು. ಒಂದು 13 ಡಿಗ್ರಿ ಅಕ್ಷಾಂಶದಲ್ಲಿದೆ, ಇನ್ನೊಂದು 44 ಡಿಗ್ರಿಯಲ್ಲಿ, ಬಿರುಗಾಳಿಗಳ ದಾರಿಯಲ್ಲೇ. 1934ರ ಏಪ್ರಿಲ್ 12ರಂದು ಅಲ್ಲಿನ ಶಿಖರದ ವೀಕ್ಷಣಾಲಯದಲ್ಲಿ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿ ದಾಖಲಾಯಿತು. ಚಳಿಗಾಲದಲ್ಲಿ ಗಂಟೆಗೆ 100 ಕಿಲೋಮೀಟರ್ ದಾಟುವ ಗಾಳಿ ಅಲ್ಲಿ ಸಾಮಾನ್ಯ. ಮರಗಳ ಸಾಲು ಮುಗಿದ ಮೇಲೆ ಅಡಗಲು ಜಾಗವಿಲ್ಲ, ಮಂಜು ಕವಿದರೆ ದಾರಿ ತೋರುವ ಕಲ್ಲುಗುಪ್ಪೆಗಳೂ ಕಾಣುವುದಿಲ್ಲ.

ಮೊದಲ ಚಳಿಗಾಲದಲ್ಲಿಯೇ ಅದನ್ನು ಹತ್ತಬೇಡಿ. ಅದೇ ಪ್ರದೇಶದಲ್ಲಿ ಮರಗಳ ನಡುವೆಯೇ ಸಾಗುವ ಚಿಕ್ಕ ಬೆಟ್ಟಗಳಿಂದ ಆರಂಭಿಸಿ, ಮೈಕ್ರೋಸ್ಪೈಕ್ ಮತ್ತು ಹಿಮದಲ್ಲಿ ಹುಗಿಯದಂತೆ ಕಾಲಿಗೆ ಕಟ್ಟುವ ಸ್ನೋಶೂ ಎರಡನ್ನೂ ಬಳಸಿ ರೂಢಿಯಾಗಲಿ. ಆ ಮೇಲೆ ಬೂಟಿಗೆ ಬಿಗಿಯುವ ಉದ್ದ ಮುಳ್ಳುಗಳ ಕ್ರ್ಯಾಂಪನ್ ಮತ್ತು ಹಿಮಕೊಡಲಿಯ ಬಳಕೆಯನ್ನು ತರಬೇತುದಾರರಿಂದ ಕಲಿತು, ಮಾರ್ಗದರ್ಶಿಯ ಜೊತೆ ಹೋಗಿ. ವೀಕ್ಷಣಾಲಯದವರು ಎತ್ತರದ ಶಿಖರಗಳಿಗೆಂದೇ ಪ್ರತ್ಯೇಕ ಮುನ್ಸೂಚನೆ ಕೊಡುತ್ತಾರೆ, ಊರಿನ ಮುನ್ಸೂಚನೆ ನೋಡಿ ಹೊರಡಬೇಡಿ. ಇನ್ನೊಂದು ವಿಷಯ: ಅಲ್ಲಿ ಬಳಸುವ ಉಪಗ್ರಹ ಸಂದೇಶ ಸಾಧನವನ್ನು ಊರಿಗೆ ಬರುವಾಗ ಹಿಮಾಲಯಕ್ಕೆಂದು ತರಬೇಡಿ. ಭಾರತದಲ್ಲಿ ಪರವಾನಗಿ ಇಲ್ಲದೆ ಉಪಗ್ರಹ ಸಂವಹನ ಸಾಧನ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ವಿಮಾನ ನಿಲ್ದಾಣಗಳಲ್ಲಿ ವಿದೇಶಿ ಚಾರಣಿಗರನ್ನು ಈ ಕಾರಣಕ್ಕೆ ವಶಕ್ಕೆ ಪಡೆದದ್ದುಂಟು.

ಪ್ರಶ್ನೆ: ಹವಾಮಾನ ಕೆಟ್ಟು ಅರ್ಧದಲ್ಲೇ ತಿರುಗಿದರೆ ಕಟ್ಟಿದ ಹಣ ಹೋಗುತ್ತದೆಯೇ? ವಿಮೆ ಇದೆಯೇ?
– ಟಿ. ಎಚ್., ತುಮಕೂರು

ಉತ್ತರ: ಬಹುಪಾಲು ಏರ್ಪಾಡುಗಳಲ್ಲಿ ಚಾರಣ ಆರಂಭವಾದ ಮೇಲೆ ಹಣ ಮರಳುವುದಿಲ್ಲ. ಕೆಲವರು ಇನ್ನೊಂದು ತಂಡದ ಜೊತೆ ಮತ್ತೆ ಬರಲು ಅವಕಾಶ ಕೊಡುತ್ತಾರೆ. ಕೊಡುತ್ತಾರೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ. ಸಾಮಾನ್ಯ ಆರೋಗ್ಯ ವಿಮೆಯೂ ಪ್ರವಾಸ ವಿಮೆಯೂ ಪರ್ವತದಿಂದ ಇಳಿಸಿ ತರುವ ವೆಚ್ಚವನ್ನು ಒಳಗೊಂಡಿರುವುದಿಲ್ಲವಾದ್ದರಿಂದ, ಚಾರಣಕ್ಕೆಂದೇ ಇರುವ ವಿಮೆಯಲ್ಲಿ ಎಷ್ಟು ಎತ್ತರದವರೆಗೆ ರಕ್ಷಣೆ, ಹೆಲಿಕಾಪ್ಟರ್ ಸೇರಿದೆಯೇ ಎಂಬ ಎರಡು ಸಾಲುಗಳನ್ನು ಹುಡುಕಿ ಓದಿ. ಮರಳುವ ವಿಮಾನದ ಟಿಕೆಟ್ಟನ್ನು ದಿನ ಬದಲಿಸಲು ಬರುವಂಥದ್ದೇ ತೆಗೆಯಿರಿ, ತುಸು ಹೆಚ್ಚು ತೆತ್ತರೂ ಪರವಾಗಿಲ್ಲ. ಇಷ್ಟು ಮಾಡಿದ ಮೇಲೆ ಮಾರ್ಗದರ್ಶಿ ತಿರುಗೋಣ ಎಂದಾಗ ಹಣದ ಮಾತು ತೆಗೆಯಬೇಡಿ. ಚಾರಣಿಗರು ಒತ್ತಾಯಿಸಿದ್ದಕ್ಕೆ ಮುಂದೆ ಹೆಜ್ಜೆಯಿಟ್ಟ ಮಾರ್ಗದರ್ಶಿಗಳೂ ಉಂಟು. ಅವರಿಗೂ ಸಾಂಕ್ರಿಯಲ್ಲಿ, ಬ್ರಹ್ಮತಾಲ್ ಚಾರಣ ಶುರುವಾಗುವ ಲೋಹಜಂಗ್‌ನಲ್ಲಿ ಕಾಯುವ ಮನೆಗಳಿವೆ.